ಬಾಬ್ ಡಿಲನ್ ಅವರನ್ನು ಕೇಳುವ ಬಗೆ: ಆಟ, ತಾಳಮದ್ದಲೆ ಕೇಳಿ ಬೆಳೆದವರಿಗೊಂದು ದಾರಿ

ಬಾಬ್ ಡಿಲನ್ ಅವರ ಹಾಡುಗಳನ್ನು ಕೇಳಬೇಕೆಂದು ಹೊರಟು ಎರಡೇ ಹಾಡಿಗೆ ಕೈಬಿಟ್ಟ ಹಲವರನ್ನು ನಾನು ಶಿರಸಿಯಲ್ಲಿಯೂ ಕುಮಟೆಯಲ್ಲಿಯೂ ಕಂಡಿದ್ದೇನೆ. ದನಿ ಒರಟು, ಉಚ್ಚಾರ ಕಿವಿಗೆ ಸಿಗುವುದಿಲ್ಲ, ಹಾಡುಗಳು ಮುಗಿಯುವುದೇ ಇಲ್ಲ, 1962ರಿಂದ ಈಚೆಗೆ ನಲವತ್ತರಷ್ಟು ಸ್ಟುಡಿಯೋ ಆಲ್ಬಮ್‌ಗಳು ಬಂದಿರುವಾಗ ಎಲ್ಲಿಂದ ತೊಡಗುವುದೆಂದೂ ತಿಳಿಯುವುದಿಲ್ಲ ಎಂಬುದು ಅವರೆಲ್ಲರ ದೂರು. ದೂರಿನಲ್ಲಿ ಸುಳ್ಳೇನೂ ಇಲ್ಲ. ಆದರೆ ಈ ಗಾಯಕನನ್ನು ಕೇಳಲು ಬೇಕಾದ ಕಿವಿ ನಮ್ಮ ಜಿಲ್ಲೆಯಲ್ಲಿ ಹುಟ್ಟಿ ಬೆಳೆದವರಿಗೆ ಮೊದಲೇ ಸಿದ್ಧವಾಗಿರುತ್ತದೆ ಎಂಬುದು ನನ್ನ ದೃಢವಾದ ನಂಬಿಕೆ. ಒಂದೇ ಯಕ್ಷಗಾನ ಪ್ರಸಂಗವನ್ನು ಇಪ್ಪತ್ತು ಸಲ ನೋಡಿದವರು, ಇಂದು ಹಾಡುವ ಭಾಗವತರು ಆ ಪದವನ್ನು ಯಾವ ರಾಗದಲ್ಲಿ ಎತ್ತಿಕೊಳ್ಳುತ್ತಾರೆ ಎಂದು ಕಾದು ಕುಳಿತವರು ನಾವು. ಡಿಲನ್ ಅವರನ್ನು ಕೇಳಬೇಕಾದುದೂ ಹಾಗೆಯೇ. ಅವರ ಆಲ್ಬಮ್ ಎಂದರೆ ಹಾಡಿನ ಕೊನೆಯ ರೂಪವಲ್ಲ, ಒಂದು ರಾತ್ರಿಯ ಆಟ ಮಾತ್ರ. ಈ ಒಂದು ಮಾತನ್ನು ಹಿಡಿದುಕೊಂಡರೆ ಮುಂದಿನ ದಾರಿ ಸಲೀಸು.

ಹಿನ್ನೆಲೆ ಬಹಳ ಬೇಡ. 1941ರ ಮೇ 24ರಂದು ಅಮೆರಿಕದ ಮಿನ್ನೆಸೋಟ ರಾಜ್ಯದ ಡುಲೂತ್‌ನಲ್ಲಿ ರಾಬರ್ಟ್ ಝಿಮ್ಮರ್‌ಮನ್ ಎಂಬ ಹೆಸರಿನಿಂದ ಹುಟ್ಟಿದ ಅವರು ಬೆಳೆದದ್ದು ಹಿಬ್ಬಿಂಗ್ ಎಂಬ ಕಬ್ಬಿಣದ ಅದಿರಿನ ಗಣಿಯೂರಿನಲ್ಲಿ. ಬೇಲೇಕೇರಿ ಬಂದರಿನಲ್ಲಿ ಅದಿರಿನ ಕೆಂಪು ರಾಶಿಯನ್ನು ಕಂಡವರಿಗೆ ಅಂಥ ಊರಿನ ಬಣ್ಣವನ್ನು ಊಹಿಸುವುದು ಕಷ್ಟವಲ್ಲ. 1961ರ ಜನವರಿಯಲ್ಲಿ ನ್ಯೂಯಾರ್ಕಿಗೆ ಬಂದು, ತಾವು ಗುರುವೆಂದು ಭಾವಿಸಿದ್ದ ಜನಪದ ಗಾಯಕ ವುಡಿ ಗತ್ರಿ ಅವರನ್ನು ಆಸ್ಪತ್ರೆಯಲ್ಲಿ ಕಂಡು, ಅವರ ಮುಂದೆ ಹಾಡಿದರು. ಮರುವರ್ಷ ಮೊದಲ ಆಲ್ಬಮ್ ಬಂತು. 2016ರಲ್ಲಿ ಸಾಹಿತ್ಯದ ನೊಬೆಲ್ ಪ್ರಶಸ್ತಿ ಬಂತು. ಹಾಡು ಕಟ್ಟುವವರಿಗೆ ಸಾಹಿತ್ಯದ ಪ್ರಶಸ್ತಿಯೇ ಎಂದು ಆಗ ಜಗತ್ತಿನಲ್ಲಿ ಬಹಳ ಚರ್ಚೆಯಾಯಿತು. ಕಾರವಾರದವರು ಆ ಚರ್ಚೆಯಲ್ಲಿ ಬೆರಗಾಗಬೇಕಾದದ್ದೇನೂ ಇರಲಿಲ್ಲ. ಅಣ್ಣ ಸತ್ಯೇಂದ್ರನಾಥರು ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದಾಗ ತರುಣ ರವೀಂದ್ರನಾಥ ಟಾಗೋರರು ಬಂದು ತಂಗಿದ್ದ, ಇಂದು ಅವರದೇ ಹೆಸರು ಹೊತ್ತಿರುವ ಕಡಲತೀರದಲ್ಲಿ ನಾವು ದಿನವೂ ಅಡ್ಡಾಡುತ್ತೇವೆ. 1913ರಲ್ಲಿ ಅದೇ ಪ್ರಶಸ್ತಿ ಪಡೆದ ಅವರು ತಮ್ಮ ಹಾಡುಗಳಿಗೆ ತಾವೇ ಧಾಟಿ ಕೂಡಿಸಿದವರು.

ಕೇಳುವ ಸಿದ್ಧತೆಯನ್ನು ಮೊದಲು ಹೇಳಿಬಿಡುತ್ತೇನೆ. ಅವರ ಆಲ್ಬಮ್‌ಗಳಲ್ಲಿ ಹೆಚ್ಚಿನವು ಸ್ಪಾಟಿಫೈ, ಯೂಟ್ಯೂಬ್ ಮ್ಯೂಸಿಕ್‌ನಂಥ ಆ್ಯಪ್‌ಗಳಲ್ಲಿ ಇವೆ. ಘಟ್ಟದ ಮೇಲಿನ ನಮ್ಮ ಹಳ್ಳಿಗಳಲ್ಲಿ ಮಳೆಗಾಲಕ್ಕೆ ಕರೆಂಟು ಹೋದರೆ ನೆಟ್‌ವರ್ಕೂ ಅದರ ಹಿಂದೆಯೇ ಹೋಗುವುದರಿಂದ, ಚಂದಾ ಕಟ್ಟಿದವರು ಪೇಟೆಗೆ ಹೋದ ದಿನ ಒಂದೆರಡು ಆಲ್ಬಮ್‌ಗಳನ್ನು ಫೋನಿಗೆ ಇಳಿಸಿಕೊಂಡು ಬರುವುದು ಒಳ್ಳೆಯದು. ಹಾಡುಗಳನ್ನು ಹಿಂದೆಮುಂದೆ ಮಾಡಿ ನುಡಿಸುವ ಷಫಲ್ ಗುಂಡಿಯನ್ನು ಮರೆಯದೆ ಆರಿಸಿಡಬೇಕು, ಏಕೆಂದರೆ ಆಲ್ಬಮ್ಮಿನಲ್ಲಿ ಹಾಡುಗಳ ಅನುಕ್ರಮಕ್ಕೂ ಅರ್ಥವಿದೆ. ಹಾಡಿನ ಸಾಹಿತ್ಯವು ಅವರ ಅಧಿಕೃತ ಜಾಲತಾಣದಲ್ಲಿ ಬಿಟ್ಟಿಯಾಗಿ ಓದಲು ಸಿಗುತ್ತದೆ. ಮೊದಲ ಸಲ ಸಾಹಿತ್ಯವನ್ನು ಎದುರಿಗಿಟ್ಟುಕೊಳ್ಳದೆ ಕೇಳಿ. ಎರಡನೆಯ ಸಲ ಓದುತ್ತ ಕೇಳಿ. ಮೂರನೆಯ ಸಲ ಕಾಗದವನ್ನು ಬದಿಗಿಟ್ಟು ಕೇಳಿ. ಆ ಮೂರನೆಯ ಸಲಕ್ಕೆ ಒರಟೆಂದು ತೋರಿದ ದನಿ ಬೇರೆಯಾಗಿ ಕೇಳಿಸತೊಡಗುತ್ತದೆ, ಯಾಕೆಂದರೆ ಯಾವ ಶಬ್ದವನ್ನು ಎಳೆದರು, ಯಾವುದನ್ನು ಕಡಿದು ನಿಲ್ಲಿಸಿದರು, ಎಲ್ಲಿ ತಾಳಕ್ಕಿಂತ ಒಂದು ಹೆಜ್ಜೆ ಹಿಂದೆ ಉಳಿದರು ಎಂಬುದೆಲ್ಲ ಆಗ ಗಮನಕ್ಕೆ ಬರುತ್ತದೆ. ಶಾರೀರ ಇಂಪಾಗಿಲ್ಲದಿದ್ದರೂ ಪದದ ಸ್ಪಷ್ಟತೆಯಿಂದ ಮತ್ತು ಭಾವದಿಂದ ರಾತ್ರಿಯಿಡೀ ನಮ್ಮನ್ನು ಎಚ್ಚರವಾಗಿಟ್ಟ ಹಿರಿಯ ಭಾಗವತರನ್ನು ನೆನಪಿಸಿಕೊಂಡರೆ ಈ ಮಾತು ಕೂಡಲೇ ಅರ್ಥವಾಗುತ್ತದೆ.

ಆಲ್ಬಮ್‌ಗಳಲ್ಲಿ ಮೊದಲಿಗೆ 1963ರ ‘ದ ಫ್ರೀವೀಲಿನ್ ಬಾಬ್ ಡಿಲನ್’ ಅನ್ನು ತೆಗೆದುಕೊಳ್ಳಿ. ಕಾಲಾನುಕ್ರಮವೇ ಬೇಕೆಂದು 1962ರ ಮೊದಲ ಆಲ್ಬಮ್ಮಿನಿಂದ ತೊಡಗುವುದು ಬೇಡ. ಅದರ ಹದಿಮೂರು ಹಾಡುಗಳಲ್ಲಿ ಅವರು ಸ್ವತಃ ರಚಿಸಿದವು ಎರಡು ಮಾತ್ರ. ಆರಿಸಿ ಪೋಣಿಸಿದ ಜನಪ್ರಿಯ ಹಾಡುಗಳ ಸಂಕಲನದಿಂದ ತೊಡಗುವುದೂ ಬೇಡ. ನಾನಾ ಪ್ರಸಂಗಗಳಿಂದ ಆಯ್ದ ಪದಗಳನ್ನಷ್ಟೇ ಒಂದು ಕ್ಯಾಸೆಟ್ಟಿನಲ್ಲಿ ತುಂಬಿಸಿ ಕೇಳಿಸಿದರೆ ಹೊಸಬರಿಗೆ ಕಥೆ ಹೇಗೆ ಹತ್ತುವುದಿಲ್ಲವೋ, ಅಲ್ಲಿಯೂ ಹಾಗೆಯೇ ಆಗುತ್ತದೆ. ‘ಫ್ರೀವೀಲಿನ್’ ಹೆಚ್ಚುಕಡಿಮೆ ಒಂದು ಗಿಟಾರು, ಒಂದು ಹಾರ್ಮೋನಿಕಾ, ಒಂದು ದನಿಯಲ್ಲಿ ನಡೆಯುತ್ತದೆ. ಕಿವಿಗೆ ಗೊಂದಲವಿಲ್ಲ.

ಇಲ್ಲಿ ಸ್ವಲ್ಪ ನಿಲ್ಲಬೇಕು. ಈ ಆಲ್ಬಮ್ಮಿನ ಮೊದಲ ಹಾಡಾದ ‘ಬ್ಲೋಯಿನ್ ಇನ್ ದ ವಿಂಡ್’ನ ಧಾಟಿಗೆ ಮೂಲ, ಗುಲಾಮಗಿರಿಯ ದಿನಗಳ ಕರಿಯರ ಒಂದು ಹಳೆಯ ಹಾಡು. ಇನ್ನೊಂದು ಪ್ರಸಿದ್ಧ ಹಾಡಾದ ‘ಎ ಹಾರ್ಡ್ ರೇನ್ಸ್ ಎ ಗೊನ್ನಾ ಫಾಲ್’ ನಿಂತಿರುವುದು ‘ಲಾರ್ಡ್ ರ‍್ಯಾಂಡಲ್’ ಎಂಬ ಬ್ರಿಟನ್ನಿನ ಹಳೆಯ ಕಥನಗೀತದ ಕಟ್ಟಿನ ಮೇಲೆ. ಎಲ್ಲಿಗೆ ಹೋಗಿದ್ದೆ ಮಗನೇ ಎಂದು ತಾಯಿ ಕೇಳುತ್ತಾಳೆ, ವಿಷವುಂಡು ಬಂದ ಮಗ ಉತ್ತರ ಹೇಳುತ್ತಾನೆ. ಡಿಲನ್ ಅವರು ಆ ಪ್ರಶ್ನೋತ್ತರದ ಚೌಕಟ್ಟನ್ನು ಹಾಗೆಯೇ ಉಳಿಸಿಕೊಂಡು ಒಳಗೆ ತಮ್ಮ ಕಾಲದ ಭೀತಿಯನ್ನೆಲ್ಲ ತುಂಬಿದರು. ಇದನ್ನು ಕೇಳಿದ ಕೆಲವರು ಹಾಗಾದರೆ ಅದು ಕದ್ದದ್ದಲ್ಲವೇ ಎಂದು ನನ್ನನ್ನು ಕೇಳಿದ್ದಾರೆ. ಅವರಿಗೆ ನಾನು ಮರುಪ್ರಶ್ನೆ ಹಾಕುತ್ತೇನೆ: ಹೊಸ ಪ್ರಸಂಗ ಬರೆಯುವ ಕವಿ ಹಿಂದಿನಿಂದ ಬಂದ ಮಟ್ಟಿನಲ್ಲಿ ಪದ ಕಟ್ಟಿದರೆ ಅದನ್ನು ಯಾರಾದರೂ ಕಳವು ಎನ್ನುತ್ತಾರೆಯೇ? ಮಟ್ಟು ಊರಿನ ಆಸ್ತಿ, ಪದ ಕವಿಯದು. ಅಂಕೋಲೆಯ ಬಡಗೇರಿಯ ಸುಕ್ರಿ ಬೊಮ್ಮಗೌಡ ಅವರು ಹಾಲಕ್ಕಿ ಒಕ್ಕಲಿಗರ ಸಾವಿರಾರು ಹಾಡುಗಳನ್ನು ನೆನಪಿನಲ್ಲಿಟ್ಟುಕೊಂಡು ಹಾಡಿ 2017ರಲ್ಲಿ ಪದ್ಮಶ್ರೀ ಪಡೆದರು; ಅವರದು ಪರಂಪರೆಯನ್ನು ಹೊತ್ತು ತಂದು ಮುಂದಿನವರ ಕೈಗೆ ಒಪ್ಪಿಸಿದ ಕೆಲಸ. ಡಿಲನ್ ಅವರದು ಅದೇ ಬಗೆಯ ಹೊರೆಯನ್ನು ಬಿಚ್ಚಿ, ಅದರ ನೂಲಿನಿಂದ ಹೊಸ ಬಟ್ಟೆ ನೇಯ್ದ ಕೆಲಸ. ಈ ವ್ಯತ್ಯಾಸ ಮನಸ್ಸಿನಲ್ಲಿದ್ದರೆ, ಜನಪದ ಗಾಯಕ ಎಂದು ಅವರನ್ನು ಕರೆದಾಗ ಏನು ಅರ್ಥ ಮಾಡಿಕೊಳ್ಳಬೇಕು ಎಂಬುದು ಸ್ಪಷ್ಟವಾಗುತ್ತದೆ. ಮೂಲ ಹಾಡುಗಳನ್ನೂ ಹುಡುಕಿ ಕೇಳಿ. ಅರ್ಧ ಗಂಟೆಯ ಶ್ರಮಕ್ಕೆ ಇಷ್ಟು ಫಲ ಕೊಡುವ ಅಭ್ಯಾಸ ಇನ್ನೊಂದಿಲ್ಲ.

‘ಫ್ರೀವೀಲಿನ್’ ಕೇಳಿದ ಮೇಲೆ ಹನ್ನೆರಡು ವರ್ಷ ಮುಂದಕ್ಕೆ ಹಾರಿ, 1975ರ ‘ಬ್ಲಡ್ ಆನ್ ದ ಟ್ರ್ಯಾಕ್ಸ್’ ಎಂಬ ಆಲ್ಬಮ್ಮಿಗೆ ಬನ್ನಿ. ಹತ್ತು ಹಾಡುಗಳು, ಹೆಚ್ಚಿನವು ಅಗಲಿಕೆಯ ಸಂಕಟದವು. 1974ರ ಸೆಪ್ಟೆಂಬರಿನಲ್ಲಿ ನ್ಯೂಯಾರ್ಕಿನಲ್ಲಿ ಇಡೀ ಆಲ್ಬಮ್ಮಿನ ಧ್ವನಿಮುದ್ರಣ ಮುಗಿದಿತ್ತು. ಬಿಡುಗಡೆಗೆ ಕೆಲವೇ ವಾರಗಳಿರುವಾಗ, ಡಿಸೆಂಬರಿನಲ್ಲಿ ಮಿನ್ನಿಯಾಪೊಲಿಸ್‌ಗೆ ಹೋಗಿ, ಅಲ್ಲಿಯ ಸ್ಥಳೀಯ ವಾದ್ಯಗಾರರನ್ನು ಕೂಡಿಸಿಕೊಂಡು ಐದು ಹಾಡುಗಳನ್ನು ಹೊಸದಾಗಿ ಹಾಡಿದರು. ಈ ಸಂಗತಿಯೇ ನಮಗೆ ಬಾಗಿಲು. ಆಲ್ಬಮ್ಮಿನ ಮೊದಲ ಹಾಡು ‘ಟ್ಯಾಂಗಲ್ಡ್ ಅಪ್ ಇನ್ ಬ್ಲೂ’ವನ್ನು ತೆಗೆದುಕೊಂಡು ಮೂರು ರಾತ್ರಿ ಮೂರು ಬಗೆಯಲ್ಲಿ ಕೇಳಿ. ಮೊದಲ ರಾತ್ರಿ ಆಲ್ಬಮ್ಮಿನಲ್ಲಿರುವ, ಅಂದರೆ ಮಿನ್ನಿಯಾಪೊಲಿಸ್‌ನಲ್ಲಿ ಮುದ್ರಿಸಿದ ರೂಪವನ್ನು ಕೇಳಿ. ಅಲ್ಲಿ ಕಥೆ ಹೇಳುವವನು ನಾನು ಎಂದು ಹೇಳುತ್ತಾನೆ, ನಡೆ ಚುರುಕಾಗಿದೆ. ಎರಡನೆಯ ರಾತ್ರಿ, 1991ರಲ್ಲಿ ಬಂದ ‘ಬೂಟ್‌ಲೆಗ್ ಸೀರೀಸ್’ನ ಮೊದಲ ಮೂರು ಸಂಪುಟಗಳ ಕಟ್ಟಿನಲ್ಲಿರುವ ನ್ಯೂಯಾರ್ಕಿನ ರೂಪವನ್ನು ಕೇಳಿ. ಅದೇ ಕಥೆ ಅಲ್ಲಿ ಅವನು ಎಂಬ ದೂರದಿಂದ ಆರಂಭವಾಗುತ್ತದೆ, ಗಿಟಾರು ಮೆಲ್ಲಗೆ ನಡೆಯುತ್ತದೆ. ಮೂರನೆಯ ರಾತ್ರಿ, 1984ರ ‘ರಿಯಲ್ ಲೈವ್’ ಎಂಬ ಕಛೇರಿ ಆಲ್ಬಮ್ಮಿನಲ್ಲಿರುವುದನ್ನು ಕೇಳಿ. ಅಷ್ಟರಲ್ಲಿ ಸಾಲುಗಳೇ ಬಹುಪಾಲು ಬದಲಾಗಿ, ಪಾತ್ರಗಳಿಗೆ ಬೇರೆ ಗತಿ ಒದಗಿರುತ್ತದೆ.

ನಾನು ಮತ್ತು ಅವನು ಎಂಬ ಈ ಅದಲುಬದಲು ಇಂಗ್ಲಿಷ್ ವಿಮರ್ಶಕರಿಗೆ ದೊಡ್ಡ ಒಗಟಿನಂತೆ ಕಂಡಿರಬಹುದು. ವೇಷವಿಲ್ಲದೆ ಕೂತು ಪದ, ಮಾತುಗಳಲ್ಲೇ ಕಥೆ ನಡೆಸುವ ತಾಳಮದ್ದಲೆಯನ್ನು ಕೇಳಿದವರಿಗೆ ಅದು ದಿನದ ಮಾತು. ಭಾಗವತರ ಪದದಲ್ಲಿ ‘ಎಂದನು’ ಎಂದು ಮುಗಿದ ಮಾತನ್ನು, ಮರುಕ್ಷಣವೇ ಪಾತ್ರದ ಮಾತಾಡುವ ಅರ್ಥಧಾರಿ ‘ನಾನು’ ಎಂದು ಎತ್ತಿಕೊಳ್ಳುತ್ತಾನೆ. ಡಿಲನ್ ಅವರು ಪದ ಹೇಳುವವರೂ ಅರ್ಥ ಹೇಳುವವರೂ ತಾವೇ ಆಗಿ ನಿಂತಿದ್ದಾರೆ, ಯಾವ ರಾತ್ರಿ ಯಾವ ಕಡೆ ಕೂರುವುದೆಂದು ಅವರೇ ನಿರ್ಧರಿಸುತ್ತಾರೆ. ಈ ಮೂರು ರೂಪಗಳನ್ನು ಕೇಳಿದ ಮೇಲೆ ಯಾವುದು ನಿಜವಾದ ಹಾಡು ಎಂಬ ಪ್ರಶ್ನೆ ತಾನಾಗಿಯೇ ಬಿದ್ದುಹೋಗುತ್ತದೆ. ನನಗೆ ನ್ಯೂಯಾರ್ಕಿನದು ಹೆಚ್ಚು ಪ್ರಿಯ. ಮನೆಯಲ್ಲಿ ಉಳಿದವರೆಲ್ಲ ಆಲ್ಬಮ್ಮಿನದೇ ಸರಿ ಎನ್ನುತ್ತಾರೆ.

‘ಬೂಟ್‌ಲೆಗ್’ ಎಂಬ ಹೆಸರಿನ ಬಗ್ಗೆ ಒಂದು ಮಾತು. ಕಛೇರಿಗಳಲ್ಲಿ ಅಭಿಮಾನಿಗಳು ಗುಟ್ಟಾಗಿ ಮಾಡಿಕೊಂಡ, ಸ್ಟುಡಿಯೋಗಳಿಂದ ಹೇಗೋ ಹೊರಬಂದ ಧ್ವನಿಮುದ್ರಣಗಳು ಕೈಯಿಂದ ಕೈಗೆ ದಾಟಿ, ಪರವಾನಗಿ ಇಲ್ಲದೆ ಮಾರಾಟವಾಗುತ್ತಿದ್ದವು. ಕಂಪನಿಯೇ ಕೊನೆಗೆ ಅಂಥವನ್ನು ಶುದ್ಧಮಾಡಿ ಸರಣಿಯಾಗಿ ಹೊರತಂದಿತು. ನನಗೆ ಇದನ್ನು ಓದಿದಾಗ ನೆನಪಾದದ್ದು ನಮ್ಮ ಸೀಮೆಯ ತಾಳಮದ್ದಲೆಯ ಚಪ್ಪರ. ಮೈಕಿನ ಕಂಬದ ಬುಡದಲ್ಲಿ ಏಳೆಂಟು ಟೇಪ್ ರೆಕಾರ್ಡರುಗಳು ಸಾಲಾಗಿ ಕೂತಿರುತ್ತಿದ್ದವು. ಕ್ಯಾಸೆಟ್ಟಿನ ಒಂದು ಬದಿ ಮುಗಿದು ಟಕ್ಕೆಂದು ಗುಂಡಿ ಮೇಲೆದ್ದರೆ, ಮುದ್ರಿಸುವವರು ಬಗ್ಗಿಕೊಂಡೇ ಓಡಿಬಂದು ಮಗುಚಿ ಹಾಕುತ್ತಿದ್ದರು, ಆ ಅರ್ಧ ನಿಮಿಷದಲ್ಲಿ ಹೇಳಿದ ಅರ್ಥ ಎಂದೆಂದಿಗೂ ಕಳೆದುಹೋಗುತ್ತಿತ್ತು. ಸೋದರಮಾವ ಹಾಗೆ ಮುದ್ರಿಸಿಕೊಂಡ ಒಂದು ಕ್ಯಾಸೆಟ್ಟಿನಲ್ಲಿ ಭಾಗವತರ ದನಿಯ ಹಿಂದೆ ತಗಡಿನ ಮೇಲೆ ಬೀಳುವ ಮಳೆಯೂ, ಹತ್ತಿರ ಕೂತವರೊಬ್ಬರ ಕೆಮ್ಮೂ ಕೇಳಿಸುತ್ತವೆ, ಅವಿಲ್ಲದೆ ಆ ಪದವನ್ನು ಈಗ ನನಗೆ ಊಹಿಸಿಕೊಳ್ಳಲೂ ಆಗುವುದಿಲ್ಲ. ಡಿಲನ್ ಅವರ ಕಛೇರಿಗಳ ಮುದ್ರಣದಲ್ಲಿಯೂ ಸಭೆಯ ಗದ್ದಲಕ್ಕೆ ಕಿವಿಗೊಡಿ. ಅದು ತೊಂದರೆಯಲ್ಲ, ಹಾಡಿನ ಭಾಗ.

ಇದಕ್ಕೆ ಅತ್ಯುತ್ತಮ ಉದಾಹರಣೆ 1966ರ ಕಛೇರಿ. 1965ರಲ್ಲಿ ಡಿಲನ್ ಅವರು ವಿದ್ಯುತ್ ಗಿಟಾರನ್ನು ಕೈಗೆತ್ತಿಕೊಂಡು, ಜುಲೈ 25ರಂದು ನ್ಯೂಪೋರ್ಟ್ ಜನಪದ ಉತ್ಸವದಲ್ಲಿ ಜೋರಾದ ವಾದ್ಯಮೇಳದೊಂದಿಗೆ ಹಾಡಿದಾಗ, ಅವರನ್ನು ಶುದ್ಧ ಜನಪದದ ವಾರಸುದಾರರೆಂದು ನಂಬಿದ್ದವರಲ್ಲಿ ಹಲವರು ಸಿಟ್ಟಿಗೆದ್ದರು. ಮರುವರ್ಷ ಬ್ರಿಟನ್ ಪ್ರವಾಸದಲ್ಲಿ ಕಛೇರಿಯ ಮೊದಲರ್ಧದಲ್ಲಿ ಒಬ್ಬರೇ ನಿಂತು ಹಾಡುವುದು, ಎರಡನೆಯ ಅರ್ಧದಲ್ಲಿ ಮೇಳದೊಂದಿಗೆ ಅಬ್ಬರಿಸುವುದು ಎಂಬ ಕ್ರಮವಿತ್ತು. ಮೇ 17ರಂದು ಮ್ಯಾಂಚೆಸ್ಟರಿನಲ್ಲಿ ಕೊನೆಯ ಹಾಡಿಗೆ ಮುಂಚೆ ಸಭೆಯಿಂದ ಒಬ್ಬ ‘ಜೂಡಾಸ್’ ಎಂದು ಕೂಗಿದ, ಅಂದರೆ ಯೇಸುವಿಗೆ ದ್ರೋಹ ಬಗೆದ ಯೂದ ನೀನು ಎಂದು. ಆ ಕೂಗು, ಅದಕ್ಕೆ ಡಿಲನ್ ಅವರ ಉತ್ತರ, ಮರುಕ್ಷಣ ಸಿಡಿಲಿನಂತೆ ಎದ್ದ ಹಾಡು, ಎಲ್ಲವೂ 1998ರಲ್ಲಿ ‘ಬೂಟ್‌ಲೆಗ್ ಸೀರೀಸ್’ನ ನಾಲ್ಕನೆಯ ಸಂಪುಟವಾಗಿ ಬಂದಿವೆ. ಹೆಸರು ನೋಡಿ ಗೊಂದಲಪಡಬೇಡಿ. ಕಳ್ಳಮುದ್ರಣದ ಕಾಲದಲ್ಲಿ ಅದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನ ಕಛೇರಿಯೆಂದು ತಪ್ಪಾಗಿ ಪ್ರಸಿದ್ಧವಾಗಿದ್ದುದರಿಂದ ಆಲ್ಬಮ್ಮಿನ ಹೆಸರಿನಲ್ಲಿಯೂ ಆ ಮಾತನ್ನು ಉದ್ಧರಣ ಚಿಹ್ನೆಯೊಳಗೆ ಉಳಿಸಿಕೊಂಡಿದ್ದಾರೆ. 2024ರಲ್ಲಿ ಬಂದ ಚಲನಚಿತ್ರ ‘ಎ ಕಂಪ್ಲೀಟ್ ಅನ್‌ನೋನ್’ ನೋಡಿ ಡಿಲನ್ ಅವರತ್ತ ಬಂದವರು ಇನ್ನೊಂದನ್ನು ತಿದ್ದಿಕೊಳ್ಳಬೇಕು: ಚಿತ್ರದಲ್ಲಿ ಆ ಕೂಗನ್ನು ನ್ಯೂಪೋರ್ಟಿಗೆ ತಂದಿಟ್ಟಿದ್ದಾರೆ. ಈ ಸಂಪುಟವನ್ನು ಕೇಳುವ ಮೊದಲು 1965ರ ‘ಹೈವೇ 61 ರಿವಿಸಿಟೆಡ್’ ಮತ್ತು 1966ರ ‘ಬ್ಲಾಂಡ್ ಆನ್ ಬ್ಲಾಂಡ್’ ಎರಡನ್ನೂ ಕೇಳಿಕೊಂಡಿರಬೇಕು.

ಆ ಆಲ್ಬಮ್‌ಗಳಲ್ಲಿ ಸಾಹಿತ್ಯ ಬಿಗಿಯಾಗುತ್ತದೆ, ಬೈಬಲ್ಲಿನ ಉಲ್ಲೇಖಗಳು ದಟ್ಟವಾಗುತ್ತವೆ. ಭಾರತ, ಭಾಗವತಗಳ ಕಥೆ ತಿಳಿಯದವನು ತಾಳಮದ್ದಲೆಯ ಚಪ್ಪರದಲ್ಲಿ ಕೂತಂತಾಗಬಾರದೆಂದಿದ್ದರೆ ಕನ್ನಡದ ಸತ್ಯವೇದದ ಒಂದು ಪ್ರತಿಯನ್ನು ಹತ್ತಿರ ಇಟ್ಟುಕೊಳ್ಳಿ. ‘ಹೈವೇ 61’ರ ಶೀರ್ಷಿಕೆಯ ಹಾಡು ತೊಡಗುವುದೇ ದೇವರು ಅಬ್ರಹಾಮನಿಗೆ ಮಗನನ್ನು ಬಲಿ ಕೊಡೆಂದು ಹೇಳುವ ಮಾತಿನಿಂದ, ಅದರ ಮೂಲ ಆದಿಕಾಂಡದ 22ನೆಯ ಅಧ್ಯಾಯ. ಸಿರಿಯಾಳನ ಕಥೆ ಕೇಳಿ ಕಣ್ಣೀರು ಹಾಕಿದವರಿಗೆ ಆ ಸಂಕಟ ಹೊಸದಲ್ಲ. 1967ರ ‘ಜಾನ್ ವೆಸ್ಲಿ ಹಾರ್ಡಿಂಗ್’ ಆಲ್ಬಮ್ಮಿನಲ್ಲಿರುವ ‘ಆಲ್ ಅಲಾಂಗ್ ದ ವಾಚ್‌ಟವರ್’ ಎಂಬ ಕಾವಲುಗೋಪುರದ ಹಾಡಿಗೆ ಯೆಶಾಯನ 21ನೆಯ ಅಧ್ಯಾಯವನ್ನು ಓದಿಕೊಂಡು ಬಂದರೆ, ಕೊನೆಯಲ್ಲಿ ದೂರದಿಂದ ಬರುವ ಇಬ್ಬರು ಸವಾರರು ಯಾರೆಂಬ ಪ್ರಶ್ನೆ ಬೇರೆಯೇ ತೂಕ ಪಡೆಯುತ್ತದೆ. ಇದೇ ಆಲ್ಬಮ್ಮಿನ ಮುಖಪುಟವನ್ನು ಒಮ್ಮೆ ದೊಡ್ಡದಾಗಿಸಿ ನೋಡಿ. ಡಿಲನ್ ಅವರ ಎರಡು ಮಗ್ಗುಲಲ್ಲಿ ನಿಂತವರು ಬಂಗಾಳದ ಬಾವುಲ್ ಗಾಯಕರಾದ ಪೂರ್ಣದಾಸ್ ಮತ್ತು ಲಕ್ಷ್ಮಣದಾಸ್. ಟಾಗೋರರ ಹಾಡುಗಳಿಗೆ ನೀರೆರೆದ ಅದೇ ಬಾವುಲ್ ಪರಂಪರೆಯವರು. ಕಾರವಾರದ ತೀರದಲ್ಲಿ ನಿಂತು ಈ ಮುಖಪುಟ ನೋಡಿದಾಗ ನನಗೆ ಬಹಳ ಸಂತೋಷವಾಯಿತು.

ಹಿಂದುಸ್ತಾನಿ ಸಂಗೀತದ ಕಡೆಯಿಂದ ಬರುವವರಿಗೆ ಇನ್ನೊಂದು ಹತ್ತಿರದ ದಾರಿಯಿದೆ. 1971ರ ಆಗಸ್ಟ್ 1ರಂದು ಬಾಂಗ್ಲಾದೇಶದ ನಿರಾಶ್ರಿತರಿಗಾಗಿ ರವಿಶಂಕರ್ ಮತ್ತು ಜಾರ್ಜ್ ಹ್ಯಾರಿಸನ್ ನ್ಯೂಯಾರ್ಕಿನಲ್ಲಿ ನಡೆಸಿದ ಕಛೇರಿಯಲ್ಲಿ, ರವಿಶಂಕರ್ ಮತ್ತು ಅಲಿ ಅಕ್ಬರ್ ಖಾನ್ ಅವರ ಜುಗಲ್‌ಬಂದಿಗೆ ಅಲ್ಲಾ ರಖಾ ತಬಲಾ ನುಡಿಸಿದ ಅದೇ ವೇದಿಕೆಯ ಮೇಲೆ ಡಿಲನ್ ಅವರೂ ಹಾಡಿದ್ದಾರೆ. ಆ ಧ್ವನಿಮುದ್ರಣ ಸುಲಭವಾಗಿ ಸಿಗುತ್ತದೆ.

ನಂತರದ ದಶಕಗಳಲ್ಲಿ ಎಲ್ಲವನ್ನೂ ಕೇಳಲೇಬೇಕೆಂಬ ಹಟ ಬೇಡ. 1980ರ ದಶಕದ ಕೆಲವು ಆಲ್ಬಮ್‌ಗಳು ಸಪ್ಪೆಯಾಗಿವೆ ಎಂದು ಹೇಳಲು ನನಗೆ ಸಂಕೋಚವಿಲ್ಲ. 1989ರ ‘ಓ ಮರ್ಸಿ’ ಅವುಗಳ ಸಾಲಿಗೆ ಸೇರಿದ್ದಲ್ಲ. 1992 ಮತ್ತು 1993ರಲ್ಲಿ ಅವರು ಸ್ವಂತ ರಚನೆ ಬಿಟ್ಟು, ಬರಿಯ ಗಿಟಾರಿನೊಂದಿಗೆ ಹಳೆಯ ಹಾಡುಗಳನ್ನು ಹಾಡಿದ ಎರಡು ಆಲ್ಬಮ್‌ಗಳಿವೆ. ಮೂಲಮಟ್ಟುಗಳ ರುಚಿ ಹತ್ತಿದವರು ಅವನ್ನು ಬಿಡಬಾರದು. ಆಮೇಲೆ 1997ರ ‘ಟೈಮ್ ಔಟ್ ಆಫ್ ಮೈಂಡ್’. ಅಲ್ಲಿ ದನಿ ಸವೆದಿದೆ, ಮುಪ್ಪು ಹತ್ತಿರ ಬಂದಿದೆ, ಹಾಡು ಮಾತ್ರ ಹಿಂದೆಂದಿಗಿಂತ ಆಳಕ್ಕೆ ಇಳಿದಿದೆ. 2020ರ ‘ರಫ್ ಆ್ಯಂಡ್ ರೌಡಿ ವೇಸ್’ ಬಂದಾಗ ಅವರಿಗೆ 79 ವರ್ಷ. ಅದರ ಕೊನೆಯ ಹಾಡು ಸುಮಾರು 17 ನಿಮಿಷದ್ದು, ಅಮೆರಿಕದ ಅಧ್ಯಕ್ಷ ಕೆನಡಿಯವರ ಹತ್ಯೆಯಿಂದ ತೊಡಗಿ ಒಂದು ಇಡೀ ಕಾಲದ ಹಾಡುಗಳನ್ನು ಹೆಸರು ಹಿಡಿದು ಕರೆಯುತ್ತದೆ. ಅದನ್ನು ಕೆಲಸ ಮಾಡುತ್ತ ಕೇಳಬೇಡಿ. ಊಟ ಮುಗಿಸಿ, ದೀಪ ಆರಿಸಿ, ಜಗಲಿಯಲ್ಲಿ ಕೂತು ಕೇಳಿ.

ಈಗ ಪ್ರತ್ಯಕ್ಷ ಕಛೇರಿಯ ಮಾತು. 1988ರ ಜೂನ್ 7ರಿಂದ ಅವರು ಹೆಚ್ಚುಕಡಿಮೆ ಎಡೆಬಿಡದೆ ಊರೂರು ಸುತ್ತಿ ಹಾಡುತ್ತ ಬಂದಿದ್ದಾರೆ, ಮೂರು ಸಾವಿರಕ್ಕೂ ಹೆಚ್ಚು ಕಛೇರಿಗಳು ಆಗಿವೆ, ಎಂಬತ್ತು ದಾಟಿದ ಮೇಲೂ ತಿರುಗಾಟ ನಿಲ್ಲಲಿಲ್ಲ. ನಮ್ಮ ಮೇಳಗಳ ತಿರುಗಾಟ ಮಳೆಗಾಲಕ್ಕಾದರೂ ನಿಲ್ಲುತ್ತದೆ. ಕಛೇರಿಗಳು ಮುಖ್ಯವಾಗಿ ಅಮೆರಿಕ, ಯುರೋಪುಗಳಲ್ಲಿ ನಡೆಯುವುದರಿಂದ, ಮಕ್ಕಳೋ ತಮ್ಮಂದಿರೋ ಅಲ್ಲಿರುವ ಮನೆಯವರು ಭೇಟಿಗೆ ಹೋಗುವ ಮುನ್ನ ಅಧಿಕೃತ ಜಾಲತಾಣದಲ್ಲಿ ದಿನಾಂಕಗಳ ಪಟ್ಟಿಯನ್ನು ನೋಡಿಕೊಂಡು ಪ್ರಯಾಣದ ದಿನ ಗೊತ್ತುಮಾಡುವುದು ಜಾಣತನ. ಟಿಕೇಟನ್ನು ಆ ಪಟ್ಟಿಯಲ್ಲಿ ಕೊಟ್ಟಿರುವ ಕೊಂಡಿಯಿಂದಲೇ ಕೊಳ್ಳಬೇಕು. ಮರುಮಾರಾಟದವರು ಹೇಳುವ ಬೆಲೆ ಹಲವು ಪಟ್ಟು ಇರುತ್ತದೆ. ತೆರೆದ ಬಯಲಿನ ಉತ್ಸವಕ್ಕಿಂತ ಚಿಕ್ಕ ನಾಟಕಗೃಹದ ಕಛೇರಿ ಸಿಕ್ಕರೆ ಅದನ್ನೇ ಆರಿಸಿಕೊಳ್ಳಿ.

ಈಚಿನ ವರ್ಷಗಳ ಅವರ ಕಛೇರಿಗಳಲ್ಲಿ ಫೋನನ್ನು ಬಾಗಿಲಲ್ಲೇ ಚೀಲಕ್ಕೆ ಹಾಕಿ ಬೀಗ ಹಾಕಿಕೊಡುವ ಕ್ರಮವಿದೆ. ಚೀಲ ನಿಮ್ಮ ಕೈಯಲ್ಲೇ ಇರುತ್ತದೆ, ಹೊರಗೆ ಬಂದಾಗ ಬಿಚ್ಚಿಕೊಡುತ್ತಾರೆ. ಆದ್ದರಿಂದ ಜೊತೆಗೆ ಬಂದವರು ಬೇರೆ ಬೇರೆ ಕಡೆ ಕೂರುವುದಾದರೆ ಮುಗಿದ ಮೇಲೆ ಎಲ್ಲಿ ಕೂಡುವುದೆಂದು ಮೊದಲೇ ಮಾತಾಡಿಕೊಂಡಿರಿ. ಅವರು ಗಿಟಾರು ಹಿಡಿದು ಎದುರಿಗೆ ನಿಲ್ಲುತ್ತಾರೆಂದು ಕಾಯಬೇಡಿ, ಬಹಳ ವರ್ಷಗಳಿಂದ ಹೆಚ್ಚಾಗಿ ಪಿಯಾನೋದ ಹಿಂದೆಯೇ ಇರುತ್ತಾರೆ. ಸಭೆಯೊಂದಿಗೆ ಮಾತೂ ಅಪರೂಪ. ಹೋಗುವ ಮುಂಚಿನ ವಾರ ಹಳೆಯ ಜನಪ್ರಿಯ ಹಾಡುಗಳನ್ನಲ್ಲ, ಹೊಸ ಆಲ್ಬಮ್ಮನ್ನೂ ಆ ತಿರುಗಾಟದಲ್ಲಿ ಹಾಡುತ್ತಿರುವ ಹಾಡುಗಳ ಪಟ್ಟಿಯನ್ನೂ ನೋಡಿಕೊಂಡು ಅವನ್ನೇ ಕೇಳಿ ಹೋಗಿ. ಪಟ್ಟಿಯಲ್ಲಿ ನಿಮಗೆ ಗೊತ್ತಿರುವ ಹಾಡಿದ್ದರೂ ಅದರ ರಾಗ, ನಡೆ ಎರಡೂ ಬದಲಾಗಿರುವುದು ಹೆಚ್ಚು. ಎತ್ತುಗಡೆಯಲ್ಲಿ ಯಾವ ಹಾಡೆಂದು ಗೊತ್ತಾಗಲಿಲ್ಲವೆಂದು ಕಸಿವಿಸಿಪಡದೆ, ವಾದ್ಯಗಳನ್ನು ಬಿಟ್ಟು ಪದಕ್ಕೆ ಕಿವಿಗೊಡಿ. ಎರಡನೆಯ ಸಾಲು ಮುಗಿಯುವಷ್ಟರಲ್ಲಿ ಗುರುತು ಸಿಕ್ಕಿರುತ್ತದೆ.